ಕಿವಿಗೆ ಅಂಟಿದ ಉಸಿರು

ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದಲ್ಲ, ಹಾಗೆ ಈ ಹುಡುಗಿಯ ಪ್ರಾಣ ಇದ್ದದ್ದು ಅವಳ ಎಡಗಿವಿಯಲ್ಲಿ. ಪಿಂಗಾಣಿ ಕಾರ್ಖಾನೆಯಲ್ಲಿ ಅವಳದು ತಟ್ಟುವ ಕೆಲಸ. ಬೆಂಕಿಗೂಡಿನಲ್ಲಿ ಬೆಂದು ಬಂದ ಬಟ್ಟಲನ್ನು ಕಿವಿಯ ಹತ್ತಿರ ಹಿಡಿದು ಮರದ ಕಡ್ಡಿಯಿಂದ ಮೆಲ್ಲನೆ ತಟ್ಟಬೇಕು. ಗಟ್ಟಿ ಬಟ್ಟಲು 'ಟಿಣ್' ಎಂದು ಹಾಡುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ 'ಟಪ್' ಎಂದು ಬಾಯಿ ಮುಚ್ಚಿಕೊಳ್ಳುತ್ತದೆ. ಅವಳ ಕಿವಿಯಿಂದ ಒಂದು ಬಿರುಕೂ ತಪ್ಪಿಸಿಕೊಂಡದ್ದಿಲ್ಲ. ಜೊತೆಯವರು ಅವಳಿಗೆ ಕಿವಿರಾಣಿ ಎಂದೇ ಹೆಸರಿಟ್ಟಿದ್ದರು. ಆ ಕಿವಿ ಹೋದರೆ ಕೆಲಸವೂ ಹೋಯಿತು, ರಾಣಿತನವೂ ಹೋಯಿತು.

ತಟ್ಟುವ ಕೋಣೆಯಲ್ಲಿ ಯಾರೂ ದನಿ ಎತ್ತುವಂತಿಲ್ಲ. ಅದಕ್ಕೇ ಹೊಸ ಮೇಸ್ತ್ರಿ ಬೈಯುವಾಗ ಕಿವಿಗೇ ಬಾಯಿಟ್ಟು ಬೈಯುತ್ತಿದ್ದ. ಹಳಸಿದ ಈರುಳ್ಳಿ ನಾರುವ, ಬೆಚ್ಚಗಿನ ಹಸಿ ಉಸಿರು.

"ಬೇಗ ತಟ್ಟೇ ಸೋಮಾರಿ. ನಿನ್ನಂಥೋರು ಗೇಟಲ್ಲಿ ಸಾಲುಗಟ್ಟಿ ನಿಂತಿದ್ದಾರೆ."

ಅದರ ಹಿಂದೆಯೇ ಇನ್ನೂ ಕೆಲವು ಮಾತು. ಅವನ್ನು ಮನೆಯಲ್ಲಿ ಅಕ್ಕನ ಮುಂದೆ ಹೇಳಲೂ ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ಅವನ ತುಟಿಯ ತೇವ ಕಿವಿಯ ಹಾಲೆಗೆ ತಗಲುತ್ತಿತ್ತು. ಸಿಡಿದ ಉಗುಳಿನ ಹನಿ ಒಳಗಿಳಿದು ಅಲ್ಲೇ ಮೊಟ್ಟೆಯಿಡುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು.

ಮನೆಗೆ ಬಂದವಳೇ ಬಚ್ಚಲಿಗೆ. ಸೋಪು ಹಾಕಿ ಕಿವಿ ಉಜ್ಜುವಳು, ಆಮೇಲೆ ತಲೆಪಿನ್ನಿನಿಂದ ಕೆರೆಯುವಳು. ಪಿನ್ನಿನ ತುದಿಗಂಟಿದ ಹಳದಿ ಗುಗ್ಗೆಯನ್ನು ಮೂಸಿದರೆ ಅದರಲ್ಲೂ ಅದೇ ಈರುಳ್ಳಿ! ಮತ್ತೂ ಕೆರೆಯುತ್ತಿದ್ದಳು.

"ಕಿವಿಯೊಳಗೆ ಬಾವಿ ತೋಡ್ತಿದ್ದೀಯೇನೇ?" ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು. "ಮಲಗಿದ್ರೆ ಹಲ್ಲು ಬೇರೆ ಕಡೀತೀಯ. ಇಲಿ ಅಂದ್ಕೊಂಡು ಬೋನು ತರೋಳಿದ್ದೆ ನಾನು."

"ಅವನ ಬಾಯಿ ಇಲ್ಲೇ ಅಂಟ್ಕೊಂಡಿದೆ ಅಕ್ಕಾ. ಹೋಗ್ತಾನೇ ಇಲ್ಲ."

ಕ್ರಮೇಣ ಕಿವಿಯಿಂದ ನೀರು ಜಿನುಗತೊಡಗಿತು. ದಿಂಬಿನ ಮೇಲೆಲ್ಲ ಅಂಟಂಟು ಕಲೆ. ಜೊತೆಗೆ ಒಳಗೊಂದು ನಾದ ಹುಟ್ಟಿತು, ಸಣ್ಣಗೆ, ನಿಲ್ಲದೆ, ಥೇಟ್ ಗಟ್ಟಿ ಬಟ್ಟಲಿನ ಹಾಡಿನಂತೆ. ಎಡವಟ್ಟಾದದ್ದೇ ಅಲ್ಲಿ. ಯಾವ ಬಟ್ಟಲು ತಟ್ಟಿದರೂ ಅವಳಿಗೆ 'ಟಿಣ್' ಎಂದೇ ಕೇಳುತ್ತಿತ್ತು. ಬಿರುಕಿನವೂ ಒಳ್ಳೆಯ ಬುಟ್ಟಿಗೆ ಬಿದ್ದವು, ಅಂಗಡಿಗಳಿಂದ ಹೋಳಾಗಿ ವಾಪಸು ಬಂದವು. ಮೇಸ್ತ್ರಿಯ ಬಾಯಿ ಗಳಿಗೆಗೊಮ್ಮೆ ಅವಳ ಕಿವಿಗೆ ಬಗ್ಗತೊಡಗಿತು. ಅವನು ಬಗ್ಗಿದಷ್ಟೂ ನಾದ ಏರಿತು.

ಕೊನೆಗೆ ಅಕ್ಕನೇ ಅವಳನ್ನು ಎಳೆದುಕೊಂಡು ಹೋದಳು. ಕಿವಿ ಡಾಕ್ಟರಮ್ಮ ನಾದದ ವಿಷಯ ಕೇಳಿ, ಬೆಳಕು ಬಿಟ್ಟು ನೋಡಿ ಮುಖ ಸಿಂಡರಿಸಿದರು.

"ಕೆರೆದೂ ಕೆರೆದೂ ಒಳಗೆಲ್ಲ ಹುಣ್ಣು ಮಾಡ್ಕೊಂಡಿದ್ದೀಯ. ಅದಕ್ಕೆ ಹನಿ ಮದ್ದು ಕೊಡ್ತೀನಿ, ಮಾಯುತ್ತೆ. ಆದ್ರೆ ಆ ಶಬ್ದ ಬರೀ ಹುಣ್ಣಿಂದಲ್ಲ. ಯಾರಿಗೆ ಹೆದರ್ತೀಯ?"

"ಹೆದರಿಕೆ ಅಲ್ಲ ಮೇಡಂ. ಅಸಹ್ಯ."

"ಯಾವುದಾದ್ರೂ ಸರಿ. ಮನಸ್ಸು ಬಿಗಿದ್ರೆ ದವಡೆ ಬಿಗಿಯುತ್ತೆ, ನಿದ್ದೆ ಕೆಡುತ್ತೆ, ಇಲ್ಲದ ಸದ್ದೂ ಕಿವಿಗೆ ದೊಡ್ಡದಾಗಿ ಕೇಳುತ್ತೆ. ಆ ಬಿಗಿ ಸಡಿಲ ಆಗ್ಬೇಕು. ಅದಕ್ಕೆ ನನ್ನ ಹತ್ರ ಹನಿ ಇಲ್ಲ. ಮೊದಲು ಆ ಪಿನ್ನು ಇಲ್ಲಿ ಕೊಡು."

ಮಾರನೆಯ ದಿನ ಮೇಸ್ತ್ರಿ ಬಗ್ಗಿದ. ಈರುಳ್ಳಿ ಮೊದಲು ಬಂತು, ಅದರ ಹಿಂದೆ ಶಾಖ. ಕಿವಿರಾಣಿ ಸ್ಟೂಲು ತಳ್ಳಿ ಎದ್ದಳು. ಆ ಕೋಣೆ ಎಂದೂ ಕೇಳದ ದನಿಯಲ್ಲಿ ಕೂಗಿದಳು.

"ಅಲ್ಲಿಂದಲೇ ಹೇಳಿ ಸಾರ್! ಎಲ್ಲರಿಗೂ ಕೇಳೋ ಹಾಗೆ ಹೇಳಿ!"

ಹಲಗೆಯ ಮೇಲಿನ ಬಟ್ಟಲುಗಳೆಲ್ಲ ಒಮ್ಮೆ ಗುಂಯ್‌ಗುಟ್ಟಿದವು. ಕಡ್ಡಿಗಳು ನಿಂತವು. ಮೇಸ್ತ್ರಿ ಬಾಯಿ ತೆರೆದ. ತುಟಿಯ ಮೂಲೆಯಲ್ಲಿ ಬಿಳಿ ನೊರೆ ಕಂಡಿತು.

"ಹೇಳಿ ಸಾರ್," ಎಂದಳು ಪಕ್ಕದ ಮೇಜಿನ ಹಿರಿಯಳು, ಎಲ್ಲರೂ ದೊಡ್ಡಮ್ಮ ಅನ್ನುವವಳು. "ನನಗೆ ದಿನಾ ಹೇಳ್ತೀರಲ್ಲ, ಇವಳಿಗೂ ಅದನ್ನೇ ಹೇಳ್ತೀರಾ ನೋಡೋಣ."

ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ತೋಳಿನಿಂದ ಬಾಯಿ ಒರೆಸಿಕೊಂಡು ಹೊರನಡೆದ. ವಾಸನೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿತ್ತು.

ಕಿವಿಯೊಳಗಿನ ನಾದ ನಿಂತಿರಲಿಲ್ಲ. ಅವಳು ಒಂದು ಬಟ್ಟಲೆತ್ತಿ ತಟ್ಟಿದಳು. 'ಟಿಣ್.' ನಂಬಲಿಲ್ಲ. ಅದನ್ನು ಪಕ್ಕಕ್ಕೆ ಚಾಚಿದಳು.

"ದೊಡ್ಡಮ್ಮಾ, ನನ್ನ ಕಿವಿ ಸರಿಯಿಲ್ಲ. ವಾಸಿಯಾಗೋವರೆಗೆ ನೀವೂ ಒಂದ್ಸಲ ಕೇಳಿ ಹೇಳ್ತೀರಾ?"

ದೊಡ್ಡಮ್ಮ ತಟ್ಟಿ ಕೇಳಿದಳು.

"ಬಿರುಕು ಕಣೇ," ಎಂದಳು, ಪಿಸುಗುಟ್ಟದೆ.