ಗುಂಡಿ ಡಬ್ಬಿ

ಆ ಬೀದಿಯಲ್ಲಿ ಅಕ್ಕತಂಗಿಯರ ಹೊಲಿಗೆ ಅಂಗಡಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಕ್ಕ ಕಡ್ಡಿಯ ಹಾಗಿದ್ದಳು, ತಂಗಿ ಹಂಡೆಯ ಹಾಗೆ. ಹೀಗಾಗಿ ಐವತ್ತೆಂಟು ವರ್ಷದ ಅಕ್ಕನನ್ನು ಗಿರಾಕಿಗಳು ‘ಸಣ್ಣ ಟೈಲರಮ್ಮ’ ಎಂದೂ, ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿಯನ್ನು ‘ದೊಡ್ಡ ಟೈಲರಮ್ಮ’ ಎಂದೂ ಕರೆಯುತ್ತಿದ್ದರು. ಮನೆಯೊಳಗೆ ಮಾತ್ರ ದೊಡ್ಡ ಟೈಲರಮ್ಮನಿಗೆ ತೊಟ್ಟಿಲಿನಿಂದ ಬಂದ ಹೆಸರೇ ಉಳಿದಿತ್ತು: ಪುಟ್ಟಿ.

ಪುಟ್ಟಿಯ ಮಷೀನಿನ ಮೇಲಿನ ಹಲಗೆಯಲ್ಲಿ ಒಂದು ದುಂಡನೆಯ ತಗಡಿನ ಡಬ್ಬಿ. ಅವರಮ್ಮನ ಕಾಲದ್ದು. ಮುಚ್ಚಳ ತೆಗೆದರೆ ಮೇಲಿನ ತಟ್ಟೆಯ ತುಂಬ ಗುಂಡಿಗಳು. ತಟ್ಟೆ ಎತ್ತಿದರೆ ಕೆಳಗೆ ಬಿಸ್ಕತ್ತು. ಅಮ್ಮನೂ ಹೊಲಿಯುವವಳೇ. ಕಾಲ ಬಳಿ ಕೂತ ಪುಟ್ಟಿ ಬಿದ್ದೋ ಬೈಸಿಕೊಂಡೋ ಅಳಲು ಶುರುಮಾಡಿದರೆ ಕೆಲಸ ನಿಲ್ಲುತ್ತದಲ್ಲ, ಅದಕ್ಕೆ ಅಮ್ಮ ಹೊಲಿಗೆಯ ಮೇಲಿನ ಕಣ್ಣು ತೆಗೆಯದೆ ಒಂದು ಕೈಯಲ್ಲಿ ತಟ್ಟೆ ಎತ್ತಿ, “ಬಾಯಿ ತೆಗಿ” ಅನ್ನುವಳು. ಬಿಸ್ಕತ್ತು ಒಳಗೆ, ಅಳು ಒಳಗೆ, ಮಷೀನು ಮತ್ತೆ ಗಡಗಡ.

ಅಮ್ಮ ಹೋಗಿ ಎಷ್ಟೋ ವರ್ಷವಾಗಿತ್ತು. ಡಬ್ಬಿ ಉಳಿದಿತ್ತು, ಅಭ್ಯಾಸವೂ ಉಳಿದಿತ್ತು. ಗಿರಾಕಿ ಮುಖ ಸಿಂಡರಿಸಿದರೆ ಪುಟ್ಟಿಯ ಬಾಯಿಗೆ ಒಂದು ಬಿಸ್ಕತ್ತು. ತೋಳು ಹಿಂದುಮುಂದಾಗಿ ಕೂತರೆ ಎರಡು. ಹನ್ನೊಂದು ವರ್ಷದ ಹಿಂದೆ ಗಂಡ ಪೆಟ್ಟಿಗೆ ಹಿಡಿದು ಹೊಸ್ತಿಲು ದಾಟಿದ ದಿನ ಪುಟ್ಟಿಯ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಎರಡು ಪೊಟ್ಟಣ ಖಾಲಿಯಾದವು. “ಗಟ್ಟಿಗಿತ್ತಿ ಕಣೇ ನೀನು” ಎಂದು ಅಕ್ಕ ಬೆನ್ನು ತಟ್ಟಿದ್ದಳು. ಗಟ್ಟಿತನ ಎಲ್ಲಿಂದ ಬಂತೆಂದು ಪುಟ್ಟಿಯ ಸೊಂಟಕ್ಕೆ ಮಾತ್ರ ಗೊತ್ತಿತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ಪುಟ್ಟಿಗೆ ಬಾಯಾರಿಕೆ ಹೆಚ್ಚಾಯಿತು. ಡಾಕ್ಟರು ರಕ್ತದ ವರದಿ ನೋಡಿ, ಅವಳನ್ನು ನಿಲ್ಲಿಸಿ ಸೊಂಟದ ಸುತ್ತ ಟೇಪು ಹಿಡಿದರು. ಅಕ್ಕನ ಮಗಳಾಗುವ ವಯಸ್ಸಿನ ಹುಡುಗಿ, ಮಾತು ಮಾತ್ರ ಕತ್ತರಿ.

“ನಲವತ್ತೆರಡು ಇಂಚು. ಸಕ್ಕರೆ ಬಾಗಿಲಿಗೆ ಬಂದು ನಿಂತಿದೆ ಅಮ್ಮಾ, ಇನ್ನೂ ಒಳಗೆ ಕಾಲಿಟ್ಟಿಲ್ಲ. ಮೂರು ತಿಂಗಳು ಕೊಡ್ತೀನಿ. ಸೊಂಟ ಮೂರು ಇಂಚು ಇಳಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಮಾತ್ರೆ ಶುರು ಮಾಡೋದೇ. ನಿಮ್ಮ ತಾಯಿಗೂ ಇತ್ತು ಅಂದ್ರಲ್ಲ?”

ಇತ್ತು. ಸಕ್ಕರೆ ಅಮ್ಮನ ಕಣ್ಣು ತಿಂದುಹಾಕಿತ್ತು. ಮೊದಮೊದಲು ಅಮ್ಮ ಸೂಜಿ ಹಿಡಿದು ಬೆಳಕಿನ ಕಡೆ ತಿರುಗಿ ದಾರ ತಡಕಾಡುತ್ತಿದ್ದಳು. ಆಮೇಲೆ “ಪುಟ್ಟೀ, ಇದೊಂದು ಪೋಣಿಸಿಕೊಡೇ” ಅನ್ನುತ್ತಿದ್ದಳು. ಕೊನೆಗೆ ಬೆಳಕು ಯಾವ ಕಡೆ ಇದೆಯೆಂದೇ ಕೇಳುತ್ತಿದ್ದಳು. ಕಣ್ಣಿಲ್ಲದ ದರ್ಜಿ ಎಂದರೆ ಏನೆಂದು ಪುಟ್ಟಿಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿರಲಿಲ್ಲ.

ಮನೆಗೆ ಬಂದವಳೇ ಡಬ್ಬಿಯ ತಳ ಬರಿದು ಮಾಡಿದಳು. ಒಂದೇ ಒಂದು ಪೊಟ್ಟಣ ಉಳಿಸಿದಳು, ಬಂದವರಿಗೆ ಇರಲಿ ಎಂದು.

“ಯಾರು ಬರ್ತಾರೆ ನಮ್ಮನೆಗೆ?” ಎಂದಳು ಅಕ್ಕ.

“ಬಂದ್ರೆ?”

“ಬರೋದು ನೀನೇ. ನಾಲ್ಕು ಗಂಟೆಗೆ, ಹಿಂದಿನ ಬಾಗಿಲಿಂದ.”

ಅಕ್ಕನ ಮಾತು ಸುಳ್ಳಲ್ಲ. ಊಟ ಹತೋಟಿಗೆ ಬರುವುದು ಅಷ್ಟು ಕಷ್ಟವಾಗಲಿಲ್ಲ. ತಟ್ಟೆ ಚಿಕ್ಕದಾಯಿತು, ತರಕಾರಿ ಹೆಚ್ಚಾಯಿತು, ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಬೀದಿಯ ಆ ತುದಿಯ ನೀರಿನ ಟ್ಯಾಂಕಿನವರೆಗೆ ನಾಲ್ಕು ಸುತ್ತು ನಡಿಗೆ. ಹಸಿವು ಪ್ರಾಮಾಣಿಕ, ಹೊಟ್ಟೆ ತುಂಬಿದರೆ ಸುಮ್ಮನಾಗುತ್ತದೆ. ಆದರೆ ಸಂಜೆ ನಾಲ್ಕಕ್ಕೆ ಕೈಯನ್ನು ಹಲಗೆಯ ಕಡೆ ಎಳೆಯುತ್ತಿದ್ದದ್ದು ಹಸಿವಲ್ಲ. ಯಾರೋ ಏನೋ ಅಂದಿರುತ್ತಾರೆ, ಅಥವಾ ಯಾರೂ ಏನೂ ಅಂದಿರುವುದಿಲ್ಲ. ಎದೆಯಲ್ಲಿ ಒಂದು ಗಂಟು ಮೇಲೇರಿ ಗಂಟಲಿಗೆ ಬರುತ್ತದೆ, ಅದನ್ನು ಕೆಳಗೆ ತಳ್ಳಲು ಏನಾದರೂ ಬೇಕು.

ಒಂದು ದಿನ ಹಾಗೆ ಕೈ ಮೇಲೆ ಹೋದಾಗ ಅವಳ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅಂಚು ಮಡಿಸುವಾಗ ದರ್ಜಿಗಳು ತುಟಿಯ ನಡುವೆ ಸೂಜಿ ಕಚ್ಚಿಕೊಳ್ಳುವುದು ವಾಡಿಕೆ. ಸೂಜಿ ಇರುವ ಬಾಯಿಗೆ ಬಿಸ್ಕತ್ತು ಹೇಗೆ ಹೋದೀತು? ಕೈ ತಾನಾಗಿ ಕೆಳಗಿಳಿಯಿತು. ಮರುದಿನದಿಂದ ನಾಲ್ಕು ಗಂಟೆಗೆ ಸರಿಯಾಗಿ ಪುಟ್ಟಿ ಐದು ಸೂಜಿ ಕಚ್ಚಿಕೊಂಡು ಕೂರುವುದು ಶುರುವಾಯಿತು, ಕೆಲಸವಿರಲಿ ಇಲ್ಲದಿರಲಿ.

“ಬಾಯಿಗೆ ಬೀಗ ಹಾಕೋರನ್ನ ಕಂಡಿದ್ದೀನಿ, ಸೂಜಿ ಹಾಕೋಳನ್ನ ಇವತ್ತೇ ಕಂಡಿದ್ದು” ಎಂದಳು ಅಕ್ಕ. “ನುಂಗಿಬಿಟ್ಟೀಯ ಜೋಕೆ. ಅದೂ ತೂಕಕ್ಕೇ ಸೇರುತ್ತೆ.”

ಪುಟ್ಟಿ ಸೂಜಿಗಳ ಹಿಂದಿನಿಂದ “ಊಂ” ಅಂದಳು.

ಪ್ರತಿ ಸೋಮವಾರ ಬೆಳಿಗ್ಗೆ ನಿಲುಗನ್ನಡಿಯ ಮುಂದೆ ನಿಂತು ಅಂಗಡಿಯ ಟೇಪಿನಿಂದ ಸೊಂಟ ಅಳೆದು, ಬಟ್ಟೆ ಕತ್ತರಿಸುವ ಮೇಜಿನ ಮಗ್ಗುಲಲ್ಲಿ ಬಳಪದಿಂದ ಬರೆಯುತ್ತಿದ್ದಳು. ಮೊದಲನೆಯ ಸೋಮವಾರ, ಡಾಕ್ಟರನ್ನು ಕಂಡು ಮೂರೇ ದಿನಕ್ಕೆ, ಟೇಪು ನಲವತ್ತೂವರೆ ಅಂದಿತು. ಮೂರು ದಿನಕ್ಕೆ ಒಂದೂವರೆ ಇಂಚು! ಬೇರೆ ಯಾರಾದರೂ ಹುಬ್ಬೇರಿಸುತ್ತಿದ್ದರು. ಪುಟ್ಟಿ ಮಾತ್ರ ನಕ್ಕುಬಿಟ್ಟಳು.

“ಡಾಕ್ಟ್ರಿಗೆ ಅಳತೆ ತೆಗೆಯೋಕೆ ಬರುತ್ತೇನಕ್ಕಾ? ದನಕ್ಕೆ ಹಗ್ಗ ಹಾಕಿದ ಹಾಗೆ ಹಾಕಿದ್ಲು ಟೇಪನ್ನ. ಮೂವತ್ತು ವರ್ಷದಿಂದ ಅಳೀತಿದ್ದೀನಿ, ನನಗೆ ಗೊತ್ತಿಲ್ವಾ?”

ಕಸುಬಿನ ಹೆಮ್ಮೆ ಕಣ್ಣಿಗೆ ಕಟ್ಟುವ ಪಟ್ಟಿ ಅಷ್ಟಿಷ್ಟಲ್ಲ.

ವಾರಗಳು ಉರುಳಿದವು. ನಲವತ್ತು. ಮೂವತ್ತೊಂಬತ್ತೂವರೆ. ಎರಡು ವಾರ ಅಲ್ಲೇ ಕದಲದೆ ನಿಂತಿತು. ಆ ಎರಡು ವಾರ ಪುಟ್ಟಿ ಟ್ಯಾಂಕಿನವರೆಗೆ ಆರು ಸುತ್ತು ನಡೆದಳು. ಮತ್ತೆ ಮೂವತ್ತೊಂಬತ್ತು. ಹನ್ನೊಂದನೆಯ ಸೋಮವಾರ ಮೂವತ್ತೆಂಟು. ಡಾಕ್ಟರು ಕೇಳಿದ್ದಕ್ಕಿಂತ ಒಂದು ಇಂಚು ಹೆಚ್ಚೇ. ಪುಟ್ಟಿ ಆ ಅಂಕಿಯ ಸುತ್ತ ಬಳಪದಲ್ಲಿ ಒಂದು ಗುಂಡನೆ ಗೆರೆ ಎಳೆದಳು.

ಅದೇ ವಾರ ಬೀದಿಯ ಹೋಟೆಲಿನ ಮ್ಯಾನೇಜರ್ ಬಂದ. ಅವನ ಕೈಯಲ್ಲಿ ಪುಟ್ಟಿ ತಿಂಗಳ ಹಿಂದೆ ಕತ್ತರಿಸಿ, ಅಕ್ಕ ಹೊಲಿದಿದ್ದ ಆರು ಕೋಟುಗಳಿದ್ದವು. ಕೆಲಸದವರ ಅಳತೆಯನ್ನು ಅವನೇ ತೆಗೆಸಿ ಕಾಗದದಲ್ಲಿ ಬರೆದುಕೊಟ್ಟಿದ್ದ. ಆ ಅಂಗಡಿಗೆ ಅಂಥ ಕೆಲಸ ಬಂದದ್ದು ಅದೇ ಮೊದಲು. ಬೇರೆಲ್ಲರೂ ತಾವೇ ಬಂದು ನಿಂತು ಅಳತೆ ಕೊಡುವವರು.

“ಏನ್ರೀ ಇದು? ಕೋಟು ಹೊಲಿಯಿರಿ ಅಂದ್ರೆ ಗೋಣಿಚೀಲ ಹೊಲಿದಿದ್ದೀರಿ. ಒಬ್ಬೊಬ್ಬರ ಕೋಟಲ್ಲೂ ಇನ್ನೊಬ್ರು ತೂರ್ಕೋಬಹುದು. ಶನಿವಾರದೊಳಗೆ ಸರಿಮಾಡಿ ಕೊಡಿ.”

ಅವನು ಮೆಟ್ಟಿಲಿಳಿಯುವವರೆಗೆ ಅಕ್ಕ ತಡೆದುಕೊಂಡಳು. ಆಮೇಲೆ ತಡೆಯಲಿಲ್ಲ.

“ಕತ್ತರಿಸಿದ್ದು ನೀನು. ಮೂವತ್ತಾರು ಅಂತ ಬರೆದಿದ್ದು ಕಾಣಲಿಲ್ವಾ? ಒಂದಲ್ಲ, ಆರಕ್ಕೆ ಆರೂ! ಹೊಟ್ಟೆಗೆ ತಿನ್ನದೆ ಕಣ್ಣು ಮಂಜಾಗಿದೆ ನಿಂಗೆ.”

ಅಂದ ಮೇಲೆ ಅಕ್ಕ ನಾಲಿಗೆ ಕಚ್ಚಿಕೊಂಡಳು. ಆದರೆ ಕತ್ತರಿಸಿದ ಬಟ್ಟೆ, ಆಡಿದ ಮಾತು, ಎರಡೂ ಮತ್ತೆ ಕೂಡುವುದಿಲ್ಲ.

ಪುಟ್ಟಿಗೆ ಕೇಳಿಸಿದ್ದು ಒಂದೇ ಮಾತು. ಕಣ್ಣು. ಅಮ್ಮನಿಗೂ ಹೀಗೇ ಶುರುವಾಗಿತ್ತಲ್ಲವೇ, ಒಂದು ಗೆರೆ ಆಚೆ, ಒಂದು ಗೆರೆ ಈಚೆ? ಅವಳು ಕಿಟಕಿಯ ಬಳಿ ಹೋಗಿ ಹೋಟೆಲಿನವನ ಕಾಗದ ಓದಿದಳು. ಅಕ್ಷರ ಸ್ಪಷ್ಟವಾಗಿತ್ತು. ಕೋಟನ್ನು ಮೇಜಿನ ಮೇಲೆ ಹರಡಿ ಟೇಪಿನಿಂದ ಅಳೆದಳು. ಹೊಲಿಗೆಯ ಒಳಗೆ ಸರಿಯಾಗಿ ಮೂವತ್ತಾರು. ಇನ್ನೊಂದು ಕೋಟು, ಅದೂ ಸರಿ. ಅಳತೆ ಸರಿ, ಕಣ್ಣು ಸರಿ, ಕೋಟು ಮಾತ್ರ ದೊಗಲೆ.

ಗೋಡೆಗೆ ನೇತುಹಾಕಿದ್ದ ಉಕ್ಕಿನ ಸ್ಕೇಲನ್ನು ತೆಗೆದು ಟೇಪಿನ ಪಕ್ಕ ಇಟ್ಟಳು. ಮೊದಲ ಇಂಚಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹತ್ತಕ್ಕೆ ಬಂದಾಗ ಟೇಪಿನ ಗೆರೆ ಸ್ಕೇಲಿನ ಗೆರೆಯನ್ನು ದಾಟಿ ಮುಂದೆ ಹೋಗಿತ್ತು. ಸ್ಕೇಲನ್ನು ಸರಿಸುತ್ತ ಸರಿಸುತ್ತ ಕೊನೆಗೆ ಟೇಪಿನ ನಲವತ್ತು ನಿಜದ ನಲವತ್ತೊಂದೂವರೆಯಾಗಿತ್ತು. ವರ್ಷಗಟ್ಟಲೆ ಎಳೆದು ಎಳೆದು ಬಟ್ಟೆಯ ಟೇಪು ಹಿಗ್ಗಿಹೋಗಿತ್ತು. ಮೈ ಅಳೆಯುವುದೂ ಅದೇ, ಬಟ್ಟೆ ಅಳೆಯುವುದೂ ಅದೇ. ತಪ್ಪಿಗೆ ತಪ್ಪು ಜೋಡಿಯಾಗಿ ಎಲ್ಲರ ಬಟ್ಟೆಯೂ ಸರಿಯಾಗಿ ಕೂತಿತ್ತು. ಕಾಗದದ ಅಳತೆ ಬಂದಾಗ ಬಣ್ಣ ಬಯಲಾಯಿತು.

“ಕಣ್ಣಲ್ಲಕ್ಕಾ” ಎಂದಳು ಪುಟ್ಟಿ. “ಟೇಪು.”

ಹಾಗೆ ಹೇಳುವಾಗ ಬಂದ ನೆಮ್ಮದಿಯ ಉಸಿರು ಪೂರ್ತಿ ಹೊರಬೀಳುವ ಮುಂಚೆಯೇ ಅವಳ ದೃಷ್ಟಿ ಮೇಜಿನ ಮಗ್ಗುಲಿನ ಬಳಪದ ಅಂಕಿಗಳ ಮೇಲೆ ಬಿತ್ತು. ಗುಂಡನೆ ಗೆರೆಯೊಳಗಿನ ಮೂವತ್ತೆಂಟು. ದನಕ್ಕೆ ಹಗ್ಗ ಹಾಕಿದಂತೆ ಅಳೆದಿದ್ದ ಆ ಹುಡುಗಿಯ ನಲವತ್ತೆರಡೇ ನಿಜ. ಸ್ಕೇಲು ಇಟ್ಟು ಲೆಕ್ಕ ಹಾಕಿದಳು: ಮೂವತ್ತೆಂಟಲ್ಲ, ಮೂವತ್ತೊಂಬತ್ತೂವರೆಗೆ ಒಂದು ಕೂದಲೆಳೆ ಕಡಿಮೆ. ಗೆದ್ದೆ ಎಂದುಕೊಂಡಿದ್ದ ಗೆರೆಯನ್ನು ಅವಳಿನ್ನೂ ಮುಟ್ಟಿಯೇ ಇರಲಿಲ್ಲ. ಗಡುವಿಗೆ ಉಳಿದದ್ದು ಹನ್ನೆರಡು ದಿನ.

ಗಡಿಯಾರದಲ್ಲಿ ಮೂರೂ ಮುಕ್ಕಾಲು. ಗಂಟು ಎದೆಯಿಂದ ಹೊರಟಿತು. ಪುಟ್ಟಿ ಸರಸರನೆ ಐದು ಸೂಜಿ ಕಚ್ಚಿಕೊಂಡು, ಮೊದಲನೆಯ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಗೆ ಬಿಚ್ಚತೊಡಗಿದಳು. ದಾರ ಕಿತ್ತಳು, ಎಳೆದಳು, ಕಿತ್ತಳು. ಸೂಜಿಗಳು ತುಟಿಯಲ್ಲಿ ಗಡಗಡ ನಡುಗಿದವು. ಎಷ್ಟೋ ವರ್ಷಗಳಿಂದ ಬಿಸ್ಕತ್ತಿನಡಿ ಕೂತಿದ್ದದ್ದೆಲ್ಲ ಒಟ್ಟಿಗೆ ಮೇಲೆ ಬಂದಿತ್ತು.

“ಏ ಏ ಏ! ಮೊದ್ಲು ಸೂಜಿ ಉಗಿ, ಆಮೇಲೆ ಅಳು!” ಅಕ್ಕ ಅಂಗೈ ಒಡ್ಡಿಕೊಂಡು ಓಡಿಬಂದಳು.

ಪುಟ್ಟಿ ಸೂಜಿಗಳನ್ನು ಒಂದೊಂದಾಗಿ ಅಕ್ಕನ ಅಂಗೈಗೆ ಹಾಕಿ, ಆಮೇಲೆ ಅತ್ತಳು. ದೊಡ್ಡ ದನಿಯಲ್ಲಿ, ಮೂಗು ಸೋರಿಸಿಕೊಂಡು, ಕೋಟಿನ ತೋಳಿನಿಂದ ಒರೆಸಿಕೊಂಡು. ಅಕ್ಕನಿಗೆ ದಿಕ್ಕು ತೋಚಲಿಲ್ಲ. ತಂಗಿ ಅಳುವುದನ್ನು ಅವಳು ನೋಡಿ ನಲವತ್ತು ವರ್ಷವಾಗಿತ್ತು. ಅತ್ತಿತ್ತ ನೋಡಿ, ಹಲಗೆಯ ಮೇಲಿಂದ ಡಬ್ಬಿ ಇಳಿಸಿ, ತಟ್ಟೆ ಎತ್ತಿ, ಪೊಟ್ಟಣ ಹರಿದು ಒಂದು ಬಿಸ್ಕತ್ತನ್ನು ಮುಂದೆ ಹಿಡಿದಳು.

“ತಗೋ. ಇವತ್ತೊಂದಿನ. ಬಾಯಿ ತೆಗಿ.”

ಅದೇ ಮಾತು, ಅದೇ ದನಿ. ಬೆಣ್ಣೆಯ ವಾಸನೆ ಮೂಗಿಗೆ ಬಂದು ಪುಟ್ಟಿಯ ದವಡೆ ತಾನಾಗಿ ಸಡಿಲವಾಯಿತು. ಒಂದು ಕ್ಷಣ, ಎರಡು ಕ್ಷಣ. ಆಮೇಲೆ ಅವಳು ಅಕ್ಕನ ಮಣಿಕಟ್ಟು ಹಿಡಿದು ಮೆಲ್ಲಗೆ ಆಚೆ ಸರಿಸಿದಳು.

“ಬೇಡಕ್ಕಾ. ಅಳ್ತೀನಿ ಬಿಡು. ಅತ್ತು ಮುಗಿಸ್ತೀನಿ.”

ಅಕ್ಕ ಕೈಯಲ್ಲಿ ಬಿಸ್ಕತ್ತು ಹಿಡಿದುಕೊಂಡೇ ಪಕ್ಕದ ಸ್ಟೂಲಿನ ಮೇಲೆ ಕೂತಳು. “ಅಮ್ಮ ಈ ಡಬ್ಬಿಯಿಂದ ನಂಗೆ ಒಂದೂ ಕೊಟ್ಟಿರಲಿಲ್ಲ ಗೊತ್ತಾ?” ಎಂದಳು.

“ಸುಳ್ಳು.”

“ಆಣೆಗೂ. ನಾನು ಅಳ್ತಾನೇ ಇರಲಿಲ್ವಲ್ಲ.”

ಹಾಗೆಂದು ಅಕ್ಕ ಬಿಸ್ಕತ್ತನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದಳು. “ಇಷ್ಟೇನಾ?” ಎಂದು ಕೇಳಿದಳು. ಅಳುವಿನ ಮಧ್ಯೆಯೇ ಪುಟ್ಟಿಗೆ ನಗು ಬಂತು.

ಅತ್ತು ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಮುಗಿದಾಗ ನಾಲ್ಕೂ ಹತ್ತು; ಗಂಟಲಲ್ಲಿ ಗಂಟು ಇರಲಿಲ್ಲ. ಅದು ಕೆಳಗೂ ಹೋಗಿರಲಿಲ್ಲ, ಹೊರಗೆ ಹೋಗಿತ್ತು. ಪುಟ್ಟಿ ಮುಖ ತೊಳೆದು, ಹಳೆಯ ಟೇಪನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿ, ಅಂಗಡಿಬೀದಿಗೆ ಹೋಗಿ ಹೊಸದು ತಂದಳು. ಸ್ಕೇಲಿನ ಪಕ್ಕ ಇಟ್ಟು ಕೊನೆಯವರೆಗೂ ಪರೀಕ್ಷೆ ಮಾಡಿದಳು. ಮೇಜಿನ ಮಗ್ಗುಲಿನ ಅಂಕಿಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ ಒಂದೇ ಒಂದು ಅಂಕಿ ಬರೆದಳು: ಮೂವತ್ತೊಂಬತ್ತೂವರೆ. ಆಮೇಲೆ ಕೋಟಿಗೆ ಕೂತಳು. ಶನಿವಾರ ಮ್ಯಾನೇಜರ್ ಬಂದು ಆರನ್ನೂ ತಿರುಗಿಸಿ ಮುರುಗಿಸಿ ನೋಡಿ ಬಾಯಿಮುಚ್ಚಿಕೊಂಡು ಹೋದ.

ಗಡುವಿನ ದಿನ ಡಾಕ್ಟರ ಮುಂದೆ ನಿಂತು ಪುಟ್ಟಿ ಕೈ ಎತ್ತಿದಳು.

“ಹೊಟ್ಟೆ ಒಳಗೆ ಎಳ್ಕೊಳ್ಳಲ್ಲ. ಹೊಕ್ಕುಳ ಮೇಲೆ ಸಮವಾಗಿ ಹಿಡೀರಿ. ಹಿಂದೆ ಟೇಪು ಕೆಳಗೆ ಜಾರಿದೆ ನೋಡಿ, ಮೇಲೆತ್ತಿ. ಹಾಂ, ಈಗ ಸರಿ.”

ಡಾಕ್ಟರಿಗೆ ನಗು ಬಂತು. “ಮೂವತ್ತೊಂಬತ್ತು. ಅಂದ್ರೆ ಮೂರು ಇಂಚು! ಸಕ್ಕರೇನೂ ಎರಡು ಹೆಜ್ಜೆ ಹಿಂದೆ ಹೋಗಿದೆ. ಮಾತ್ರೆ ಸದ್ಯಕ್ಕೆ ಬೇಡ. ಭೇಷ್ ಅಮ್ಮಾ.”

ಪುಟ್ಟಿ ಕತ್ತು ಬಗ್ಗಿಸಿ ಟೇಪು ನೋಡಿದಳು. ಪುಟ್ಟ ಪುಟ್ಟ ಗೆರೆಗಳೂ ಅವಳಿಗೆ ಸ್ಪಷ್ಟವಾಗಿ ಕಂಡವು.

“ಮೂವತ್ತೊಂಬತ್ತೂಕಾಲು.”

“ಕಾಲಿಂಚು ತಾನೇ, ಹೋಗ್ಲಿ ಬಿಡಿ. ಯಾರು ನೋಡ್ತಾರೆ?”

“ನಾನು ನೋಡ್ತೀನಲ್ಲ. ಕಾಲಿಂಚು ಬಿಟ್ರೆ ಕೋಟು ಮೈ ಮೇಲೆ ಕೂರಲ್ಲ ಡಾಕ್ಟ್ರೇ. ಇದ್ದದ್ದು ಇದ್ದ ಹಾಗೇ ಬರೀರಿ. ಮುಂದಿನ ಸಲ ಬರುವಾಗ ಇಳಿಸ್ಕೊಂಡೇ ಬರ್ತೀನಿ.”

ಡಾಕ್ಟರು ಅವಳ ಮುಖವನ್ನೊಮ್ಮೆ ನೋಡಿ, ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದರು. ಪುಟ್ಟಿ ಬಗ್ಗಿ ಓದಿ ಖಚಿತ ಮಾಡಿಕೊಂಡು, ಚೀಲ ಹೆಗಲಿಗೇರಿಸಿ ಹೊರಟಳು. ಗಂಟೆ ಮೂರೂವರೆ. ನಡೆದೇ ಹೋದರೆ ನಾಲ್ಕಕ್ಕೆ ಸರಿಯಾಗಿ ಅಂಗಡಿ ಸೇರಬಹುದಿತ್ತು. ಅವಳು ನಡೆದೇ ಹೋದಳು.