ಗೋಡೆಯೊಳಗಿನ ಟಕಟಕ

ಬಡಿಸುವಾಗ ಹದಿನೆಂಟಿದ್ದ ಚಮಚಗಳು ಊಟ ಮುಗಿಯುವಾಗ ಹದಿನೇಳಾಗಿದ್ದವು. ಅಪರಾಧವೆಸಗಿದ ಮನೋರೋಗಿಗಳನ್ನು ಇರಿಸುವ ವಾರ್ಡು ಅದು. ಚಮಚ ಕಳೆದರೆ ಬಾಗಿಲುಗಳೆಲ್ಲ ಮುಚ್ಚುತ್ತವೆ. ಎಲ್ಲರ ತಪಾಸಣೆಯೂ ಆಗಿತ್ತು. ಉಳಿದವನು ಬಡಗಿ ಒಬ್ಬನೇ. ಆರು ವರ್ಷದ ಹಿಂದೆ ಬುದ್ಧಿ ಸ್ಥಿಮಿತ ತಪ್ಪಿದ ಗಳಿಗೆಯಲ್ಲಿ ಭಾವನ ಮೇಲೆ ಉಳಿ ಎತ್ತಿದ್ದವನು. ಅವನನ್ನು ತೆರೆದ ವಾರ್ಡಿಗೆ ಬಿಡಬಹುದೇ ಎಂದು ನೋಡಲು ನಾಲ್ಕು ಗಂಟೆಗೆ ಮಂಡಳಿ ಕೂರಲಿತ್ತು. ಹಿಡಿದು ಕೆಡವಿ ತಪಾಸಣೆ ಮಾಡಿದರೆಂದು ದಾಖಲಾದರೆ ಇನ್ನೊಂದು ವರ್ಷ ಇಲ್ಲೇ.

ನಾಲ್ವರು ಕಾವಲಿನವರು ಕೈಗವಸು ತೊಟ್ಟು ಸಿದ್ಧರಾಗಿದ್ದರು. ಅವರಲ್ಲಿ ಹಿರಿಯನಾದ ದೊಡ್ಡಣ್ಣ, "ಸಿಸ್ಟರ್, ಅವನ ಹತ್ರ ಮಾತಾಡೋದೂ ಒಂದೇ, ಕಂಬದ ಹತ್ರ ಮಾತಾಡೋದೂ ಒಂದೇ," ಎಂದ. ನರ್ಸ್ ಐದು ನಿಮಿಷ ಸಮಯ ಬೇಡಿ ಅವನ ಕೋಣೆಯೊಳಗೆ ಹೋದಳು.

ಬಡಗಿ ಮುಷ್ಟಿ ಬಿಗಿದು ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದ. ಅವಳು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತಳು. ದಿನಾ ತುಂಬುವ ನಮೂನೆಯಲ್ಲಿದ್ದ ಪ್ರಶ್ನೆಗಳನ್ನು ಇವತ್ತು ಕೇಳಲಿಲ್ಲ. ಹೊರಗೆ ಯಾರಿದ್ದಾರೆ, ಎಷ್ಟು ಹೊತ್ತು ಉಳಿದಿದೆ, ಆಮೇಲೆ ಏನಾಗುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

"ನಂಗೂ ಭಯ ಆಗ್ತಿದೆ. ಯಾಕೆ ತಗೊಂಡ್ರಿ ಅಂತ ಗೊತ್ತಾದ್ರೆ ಕಡಿಮೆ ಆಗ್ಬಹುದು."

ಅವನು ಗೋಡೆಯತ್ತ ತಲೆ ತಿರುಗಿಸಿದ. "ಗೋಡೇಲಿ ಟಕಟಕ ಅಂತದೆ ಅಂತ ಮೂರು ವಾರದಿಂದ ಹೇಳ್ತಾನೇ ಇದ್ದೀನಿ. ನೀವು ಬರ್ಕೊಂಡು ಹೋಗ್ತೀರಿ."

ನಿಜ. ‘ಇಲ್ಲದ ಸದ್ದು ಕೇಳಿಸುತ್ತದೆ’ ಎಂದು ಅವಳೇ ಮೂರು ಸಲ ಬರೆದಿದ್ದಳು. ಅದನ್ನು ನೋಡಿ ಮಾತ್ರೆಯನ್ನು ಎರಡು ಸಲ ಹೆಚ್ಚಿಸಿದ್ದರು. ಎದ್ದು ಹೋಗಿ, ಅವನಿಂದ ಒಂದು ಮಾರು ದೂರದಲ್ಲಿ ಗೋಡೆಗೆ ಕಿವಿಯಿಟ್ಟಳು. ಏನೂ ಇಲ್ಲ. ಹೊರಗೆ ಬೂಟುಗಳು ಸರಿದಾಡಿದವು. ಕೋಣೆಗಳಿಗೆ ಗಾಳಿ ಬಿಡುವ ಯಂತ್ರ ಶುರುವಾಗಲಿ, ಆಗ ಕೇಳುತ್ತದೆ ಎಂದ ಬಡಗಿ. ಇನ್ನೊಂದು ನಿಮಿಷ ಎಂದು ಅವಳು ಬಾಗಿಲತ್ತ ಕೈಯೆತ್ತಿದಳು.

ಯಂತ್ರ ಗುರ್ರೆಂದಿತು. ಹಿಂದೆಯೇ, ಟಕ್. ಟಕ್. ಟಕ್.

"ಗಾಳಿ ಬರೋ ಜಾಲರಿ ಸ್ಕ್ರೂ ಸಡ್ಲ," ಎಂದ ಅವನು. "ಬಿಗಿ ಮಾಡೋಕೆ ಚಮಚದಲ್ಲಿ ಎರಡು ಸುತ್ತು ತಿರುವಿದ್ದೆ, ಅಷ್ಟರಲ್ಲಿ ನಿಮ್ಮ ದಂಡು ಬಂತು."

ಮುಷ್ಟಿ ಬಿಚ್ಚಿ, ಹಿಡಿಯನ್ನು ಅವಳತ್ತ ತಿರುಗಿಸಿ ಚಮಚ ಚಾಚಿದ.

ಅವಳು ಅಲ್ಲೇ ಕಡತ ತರಿಸಿದಳು. ರೋಗಿ ತಾನಾಗಿಯೇ ಚಮಚ ಒಪ್ಪಿಸಿದ, ಸದ್ದು ನಿಜ, ನನ್ನ ಹಿಂದಿನ ಮೂರು ಟಿಪ್ಪಣಿಗಳು ತಪ್ಪು, ನಾನು ಗೋಡೆಗೆ ಕಿವಿಯಿಟ್ಟು ಕೇಳಿರಲಿಲ್ಲ ಎಂದು ಬರೆದಳು. ಕಡತ ತಂದ ದೊಡ್ಡಣ್ಣ ಬಗ್ಗಿ ನೋಡಿ, ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಳ್ತಿದ್ದೀರಿ ಎಂದು ಪಿಸುಗುಟ್ಟಿದ. ಅವಳು ಬರೆದದ್ದನ್ನು ಬಡಗಿಗೆ ಗಟ್ಟಿಯಾಗಿ ಓದಿದಳು.

ಅವನು ಯೋಚಿಸಿ, "ಕೇಳದೆ ತಗೊಂಡಿದ್ದು ನನ್ನ ತಪ್ಪು. ಅದನ್ನೂ ಬರೀರಿ," ಎಂದ.

ಬರೆದಳು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕಡತವನ್ನು ಎದೆಗವಚಿಕೊಂಡು ಅವನ ಪಕ್ಕದಲ್ಲೇ ಮಂಡಳಿಯ ಕೋಣೆಯತ್ತ ನಡೆದಳು.