ಕೆಂಚಿಯ ಎಡಗಿವಿ

ಬೀದಿಯವರೆಲ್ಲ ಅವನನ್ನು ಬಲೆಯಣ್ಣ ಎನ್ನುತ್ತಿದ್ದರು. ಮೀನು ಹಿಡಿಯುವವನೆಂದುಕೊಂಡರೆ ತಪ್ಪಾಯಿತು. ಅವನು ಹಿಡಿಯುತ್ತಿದ್ದದ್ದು ಬೀದಿನಾಯಿಗಳನ್ನು. ನಗರಸಭೆಯ ನೀಲಿ ವ್ಯಾನು ಬೀದಿಗೆ ಬಂತೆಂದರೆ ಹಿಂದಿನ ಬಾಗಿಲಿನಿಂದ ಉದ್ದ ಕೋಲಿನ ಬಲೆ ಹಿಡಿದು ಇಳಿಯುವವನು ಅವನೇ. ಹಿಡಿದ ನಾಯಿಗಳನ್ನು ಊರಾಚೆಯ ಶೆಡ್ಡಿಗೆ ಒಯ್ಯಬೇಕು. ಅಲ್ಲಿ ಡಾಕ್ಟರಮ್ಮ ಅವಕ್ಕೆ ಮರಿಯಾಗದ ಹಾಗೆ ಆಪರೇಷನ್ ಮಾಡಿ, ಹುಚ್ಚು ಹಿಡಿಯದ ಹಾಗೆ ಇಂಜೆಕ್ಷನ್ ಹಾಕಿ, ಗುರುತಿಗೆಂದು ಎಡಗಿವಿಯ ತುದಿಯನ್ನು ಚೂರು ಕತ್ತರಿಸುತ್ತಿದ್ದರು. ಗಾಯ ಮಾಗಿದ ಮೇಲೆ ಎಲ್ಲಿಂದ ಹಿಡಿದು ತಂದರೋ ಅದೇ ಬೀದಿಗೆ ಬಿಟ್ಟು ಬರಬೇಕು. ಒಮ್ಮೆ ಕಿವಿ ಕತ್ತರಿಸಿದ ನಾಯಿಯನ್ನು ಮತ್ತೆ ಯಾರೂ ಮುಟ್ಟುವ ಹಾಗಿಲ್ಲ.

ಈ ಕೆಲಸದಲ್ಲಿ ಬೈಗುಳಕ್ಕೇನೂ ಬರವಿಲ್ಲ. ಹಿಡಿಯುವಾಗ ಒಂದು ಗುಂಪು 'ಪಾಪ ತಟ್ಟುತ್ತೆ ನಿಂಗೆ' ಎಂದರೆ, ಬಿಡುವಾಗ ಇನ್ನೊಂದು ಗುಂಪು 'ತಗೊಂಡೋಗಿ ನಿನ್ ಮನೇಲಿ ಕಟ್ಕೋ' ಎನ್ನುತ್ತಿತ್ತು. ಇಬ್ಬರ ಎದುರಿಗೂ ಅವನು ಡಾಕ್ಟರಮ್ಮ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದ.

"ಇವನ್ನ ಎತ್ಕೊಂಡು ಹೋದ್ರೆ ಪಕ್ಕದ ಬೀದೀವು ಬಂದು ಕೂರ್ತವೆ ಕಣ್ರಪ್ಪ. ಕಸದ ಗುಂಡಿ ಹಂಗೇ ಇರತ್ತಲ್ಲ. ಇವೇ ಇಲ್ಲಿದ್ದು, ಮರಿ ಹಾಕದೆ ಮುದಿಯಾಗಿ ಹೋದ್ರೆ ತಾನಾಗೇ ಕಮ್ಮಿಯಾಗೋದು."

"ಅಲ್ಲೀತನಕ ನಾವಿರಬೇಕಲ್ಲ, ಬಲೆಯಣ್ಣ?" ಎಂದು ಮಾಂಸದಂಗಡಿಯವನು ನಗುತ್ತಿದ್ದ. ನಗುತ್ತಲೇ ಉಳಿದ ಕೊಬ್ಬು, ಕರುಳನ್ನು ಅಂಗಡಿಯ ಹಿಂದಿನ ಗುಂಡಿಗೆ ಎಸೆಯುತ್ತಿದ್ದ. ಅವನಿಗೆ ಹೇಳುವವರು ಯಾರು? ಹೇಳಿ ಹೇಳಿ ಬಲೆಯಣ್ಣನ ಬಾಯಿ ಸೋತಿತ್ತು.

ಆದರೂ ಕೆಲಸ ಫಲ ಕೊಡುತ್ತಿತ್ತು. ಚರಂಡಿ ಮೋರಿಗಳ ಕೆಳಗೆ ಕುಂಯ್‌ಗುಟ್ಟುವ ಮರಿಗಳು ಆ ವರ್ಷ ಅಪರೂಪವಾಗಿದ್ದವು. ಇನ್ನೆರಡು ವರ್ಷ ಹೀಗೇ ನಡೆದರೆ ಊರು ತಣ್ಣಗಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದಾಗ ಅವನಿಗೆ ತಾನೂ ಒಂದು ಕೆಲಸ ಮಾಡಿದೆ ಎನಿಸಿತ್ತು. ಅಂಥದ್ದು ಅವನಿಗೆ ಜೀವಮಾನದಲ್ಲಿ ಹೆಚ್ಚು ಸಲ ಅನಿಸಿರಲಿಲ್ಲ.

ಮನೆಯಲ್ಲಿ ಮಾತ್ರ ಈ ವಿಷಯ ಎತ್ತುವಂತಿರಲಿಲ್ಲ. ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡ ದರ್ಜಿ. ಆ ಮಿಷನ್ನಿನ ಪೆಡಲಿನ ಪಕ್ಕ ಮೊದಲು ಬೂದಿ ಅನ್ನುವ ನಾಯಿ ಮಲಗುತ್ತಿತ್ತು. ಬೂದಿಯನ್ನು ಹಿಡಿದೊಯ್ದವನು ಸ್ವತಃ ಬಲೆಯಣ್ಣನೇ. ಊರಿಗೆಲ್ಲ ನ್ಯಾಯ ಹೇಳುವವನು ಮನೆಯ ನಾಯಿಯನ್ನು ಬಿಡಲಾಗುತ್ತದೆಯೇ? "ನಾಕು ದಿನ ಕಣೇ, ನಾನೇ ಎತ್ಕೊಂಡು ಬಂದು ನಿನ್ ಕಾಲ್ ಬುಡದಲ್ಲಿ ಬಿಡ್ತೀನಿ" ಎಂದು ಮಾತು ಕೊಟ್ಟಿದ್ದ. ಬೂದಿ ಮತ್ತಿನ ಇಂಜೆಕ್ಷನ್ನಿನಿಂದ ಏಳಲೇ ಇಲ್ಲ. ಅದರ ಹೃದಯ ಮೊದಲೇ ಸೋತಿತ್ತು, ಸಾವಿರಕ್ಕೊಂದು ಹೀಗಾಗುತ್ತದೆ ಎಂದು ಡಾಕ್ಟರಮ್ಮ ಕಣ್ಣೀರು ಒರೆಸಿಕೊಂಡೇ ಹೇಳಿದರು. ಆ ಸಾವಿರದ ಲೆಕ್ಕವನ್ನು ಅವನು ಮನೆಯಲ್ಲಿ ಹೇಳಿದಾಗ ಹೆಂಡತಿ ಮಿಷನ್ ನಿಲ್ಲಿಸದೆ ಹೊಲಿಯುತ್ತಲೇ ಇದ್ದಳು. ಮಾತನಾಡಲಿಲ್ಲ, ಜಗಳವಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೂದಿಯ ಮರಿ ಕೆಂಚಿ ಪೆಡಲಿನ ಪಕ್ಕದ ಜಾಗಕ್ಕೆ ಬಂತು. ಅದನ್ನು ಒಯ್ಯುವ ಹೊತ್ತಿಗೆ ಅವನನ್ನು ಪಕ್ಕದ ಊರಿನ ಕೆಲಸಕ್ಕೆ ಕಳಿಸಿದರು. ತಿರುಗಿ ಬಂದಾಗ ಕೆಂಚಿಯ ಎಡಗಿವಿ ತುಂಡಾಗಿತ್ತು.

"ಇನ್ನೊಂದು ವ್ಯಾನು ಬಂದಿತ್ತು. ಅವರೇ ಒಯ್ದು ತಂದುಬಿಟ್ರು" ಎಂದಳು ಹೆಂಡತಿ, ದಾರ ಪೋಣಿಸುತ್ತ.

ಅವನು ಬಗ್ಗಿ ನೋಡಲಿಲ್ಲ. ಕೆಂಚಿಯನ್ನು ನೋಡಿದಾಗಲೆಲ್ಲ ಬೂದಿ ನೆನಪಾಗಿ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಸದ್ಯ, ತನ್ನ ಕೈಯಿಂದ ಆಗದೆ ಮುಗಿಯಿತಲ್ಲ ಎಂದು ಉಸಿರು ಬಿಟ್ಟ. ನಂಬಬೇಕು ಎಂದು ಮನಸ್ಸು ಮಾಡಿದವನಿಗೆ ನಂಬಿಸುವುದೇನು ಕಷ್ಟ!

ಮುಂದೆ ಕೆಂಚಿ ದಪ್ಪಗಾಯಿತು. ಹೆಂಡತಿಯ ಕೈ ಧಾರಾಳ, ತಿಂದು ಕೊಬ್ಬಿದೆ ಅಂದುಕೊಂಡ. ಒಂದು ದಿನ ಅದು ಕಾಣಿಸಲಿಲ್ಲ. ಅದಾಗಿ ವಾರದೊಳಗೆ, ಬೀದಿಯ ತುದಿಯ ನಿವೃತ್ತ ಮೇಷ್ಟ್ರು ಪಾಳುಗೋಡೆಯ ಪಕ್ಕ ವಾಯುವಿಹಾರಕ್ಕೆ ಹೋದಾಗ ಕೆಂಚಿ ನುಗ್ಗಿ ಬಂದು ಅವರ ಹೊಸ ಪ್ಯಾಂಟನ್ನು ಮೊಣಕಾಲಿನವರೆಗೆ ಸೀಳಿತು. ಆ ಪ್ಯಾಂಟು ಹೊಲಿದವಳು ಬಲೆಯಣ್ಣನ ಹೆಂಡತಿಯೇ. ಮೇಷ್ಟ್ರಿಗೆ ಹಲ್ಲು ತಗಲಲಿಲ್ಲ, ಆದರೆ ಮಾನ ಹೋಯಿತು. ಅವರು ದೂರದಲ್ಲಿ ನಿಂತು ಫೋನು ತೆಗೆದರು. ಕೆಂಚಿಯ ತುದಿ ಇಲ್ಲದ ಕಿವಿ, ಅದರ ಹೊಟ್ಟೆಗಂಟಿಕೊಂಡ ಆರು ಮರಿಗಳು, ಎರಡೂ ಒಂದೇ ವೀಡಿಯೋದಲ್ಲಿ ಬಿದ್ದವು. 'ನಗರಸಭೆ ಆಪರೇಷನ್ ಮಾಡಿದ ನಾಯಿಯ ಸಂಸಾರ ನೋಡಿ' ಎಂದು ಬರೆದು ಊರಿಗೆಲ್ಲ ಕಳಿಸಿದರು. ಸಂಜೆಯೊಳಗೆ ಅದು ಬಲೆಯಣ್ಣನ ಫೋನಿಗೇ ನಾಲ್ಕು ಕಡೆಯಿಂದ ಬಂತು.

ಅವನು ಗೋಡೆಯ ಬಳಿಗೆ ಓಡಿದ. ಯಾರನ್ನೂ ಹತ್ತಿರ ಸೇರಿಸದ ಕೆಂಚಿ ಇವನನ್ನು ಕಂಡು ಬಾಲವಾಡಿಸಿತು. ಅವನು ಕುಕ್ಕರಗಾಲಿನಲ್ಲಿ ಕೂತು ಮೊದಲ ಸಲ ಆ ಕಿವಿಯನ್ನು ಬೆರಳಿಂದ ಸವರಿ ನೋಡಿದ. ಡಾಕ್ಟರಮ್ಮ ಕತ್ತರಿಸಿದ ಕಿವಿಗಳ ಹಾಗೆ ಅಂಚು ನೇರವಾಗಿರಲಿಲ್ಲ. ಹಲ್ಲು ಹಲ್ಲಾಗಿತ್ತು. ಬಟ್ಟೆಯ ಎಳೆ ಬಿಚ್ಚದಿರಲೆಂದು ದರ್ಜಿಗಳು ಅಂಚು ಕತ್ತರಿಸುವ ಜಿಗ್‌ಜಾಗ್ ಕತ್ತರಿಯ ಗುರುತು ಅದು. ಆ ಕತ್ತರಿ ಅವನ ಮನೆಯಲ್ಲೇ, ಮಿಷನ್ನಿನ ಬಲಗಡೆಯ ಮೊಳೆಗೆ ನೇತುಬಿದ್ದಿತ್ತು.

"ಯಾಕೆ ಹೀಗ್ ಮಾಡ್ದೆ?" ಎಂದು ಮನೆಗೆ ಬಂದು ಕೇಳಿದ.

"ಕಿವಿ ಕತ್ತರಿಸಿದ್ದನ್ನ ಮುಟ್ಟಲ್ಲ ಅಂತ ಊಟಕ್ಕೆ ಕೂತಾಗೆಲ್ಲ ಹೇಳ್ತಿದ್ದೋರು ಯಾರು? ನೀವೇ ಅಲ್ವಾ?"

"ಅದಕ್ಕೆ ನೋವಾಗಿರತ್ತೆ ಅನ್ನೋದಾದ್ರೂ ಗೊತ್ತಾ ನಿಂಗೆ?"

"ಗೊತ್ತಿಲ್ದೆ ಏನು? ತೊಡೆ ಮೇಲೆ ಒತ್ತಿ ಹಿಡ್ಕೊಂಡಿದ್ದೆ. ಅದು ಕಿರುಚ್ತು, ನಾನೂ ಅತ್ತೆ. ಕಿವಿ ಹೋದ್ರೂ ಜೀವ ಉಳೀತಲ್ಲ."

ಅವನು ಕೆಲಸಕ್ಕೆ ಬಾರದ ಮಾತೊಂದನ್ನು ಕೇಳಿದ. "ಆ ಹಲ್ಲಿನ ಕತ್ತರಿ ಯಾಕೆ ತಗೊಂಡೆ?"

"ದೊಡ್ಡ ಕತ್ತರೀನ ನಾನು ಬಟ್ಟೆಗೆ ಬಿಟ್ಟು ಇನ್ಯಾವುದಕ್ಕೂ ಮುಟ್ಟಿಸಲ್ಲ. ಅಷ್ಟೂ ಗೊತ್ತಿಲ್ವಾ ನಿಮಗೆ?"

ಗೊತ್ತಿತ್ತು. ಒಮ್ಮೆ ಅವನು ಆ ಕತ್ತರಿಯಲ್ಲಿ ಹಾಲಿನ ಪ್ಯಾಕೆಟ್ಟು ಕತ್ತರಿಸಿ ಎರಡು ದಿನ ಮಾತಿಲ್ಲದೆ ಕಳೆದಿದ್ದ. ಅದು ನೆನಪಾಗಿ ನಗು ಬರುವ ಹಾಗಾಯಿತು, ಆದರೆ ಬಂದದ್ದು ನಗುವಲ್ಲ.

ಮರುದಿನ ಶೆಡ್ಡಿಗೆ ಹೋಗಿ ಡಾಕ್ಟರಮ್ಮನ ಎದುರು ಎಲ್ಲವನ್ನೂ ಬಾಯಿಬಿಟ್ಟ. ವೀಡಿಯೋ ನೋಡಿದ ಅವರು ಇಡೀ ರಾತ್ರಿ ನಿದ್ದೆ ಇಲ್ಲದೆ, ತಾನು ಎಲ್ಲಿ ತಪ್ಪಿದೆ, ಯಾವ ನಾಯಿಗೆ ಸರಿಯಾಗಿ ಮಾಡಲಿಲ್ಲ ಎಂದು ಯೋಚಿಸಿ ಕಂಗೆಟ್ಟಿದ್ದರು. ಕೇಳುತ್ತ ಕೇಳುತ್ತ ಮೊದಲು ನಕ್ಕರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ಇದನ್ನ ಇನ್ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ ಮೇಡಂ. ನಗರಸಭೆ ಸಾಹೇಬರ ಮುಂದೆ ನಾನೇ ಹೇಳ್ತೀನಿ. ನಿಮ್ಮ ತಪ್ಪೇನೂ ಇಲ್ಲ."

"ಹೇಳಬೇಡ. ನನ್ನ ಕೈ ತಪ್ಪು ಅಂದ್ರೆ ಒಂದು ನಾಯಿ ವಿಷಯ, ಅಲ್ಲಿಗೇ ಮುಗಿಯತ್ತೆ. ಮನೆಯಲ್ಲೂ ಕಿವಿ ಕತ್ತರಿಸ್ತಾರೆ ಅಂತಾದ್ರೆ? ಊರಲ್ಲಿರೋ ಯಾವ ನಾಯಿ ಕಿವೀನ ಯಾರು ನಂಬ್ತಾರೆ? ಇಷ್ಟು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಗತ್ತೆ. ತಪ್ಪು ನನ್ನದೇ ಅಂತೀನಿ. ನೀನು ಬಾಯಿಗೆ ಬೀಗ ಹಾಕ್ಕೊಂಡಿರು."

ಅವನು ಬೀಗ ಹಾಕಿಕೊಂಡ. ಆ ವೀಡಿಯೋ ವಿಷಯಕ್ಕೆ ಕರೆದ ಸಭೆಯಲ್ಲಿ ಸಾಹೇಬರ ಎದುರು ಡಾಕ್ಟರಮ್ಮ ಎದ್ದು ನಿಂತು, ಒಂದು ಆಪರೇಷನ್ನಿನಲ್ಲಿ ತನ್ನಿಂದ ತಪ್ಪಾಯಿತು, ಆ ನಾಯಿಯನ್ನು ತರಿಸಿ ಸರಿಪಡಿಸುತ್ತೇನೆ ಎಂದರು. ಬಾಗಿಲ ಬಳಿ ನಿಂತಿದ್ದ ಬಲೆಯಣ್ಣ ನೆಲ ನೋಡುತ್ತಿದ್ದ. ಅಷ್ಟು ದೊಡ್ಡ ಮನುಷ್ಯರು ತನ್ನ ಮನೆಯ ತಪ್ಪನ್ನು ತಲೆಯ ಮೇಲೆ ಹೊತ್ತು ನಿಂತಿದ್ದನ್ನು ನೋಡಲು ಅವನಿಗೆ ಮುಖವಿರಲಿಲ್ಲ.

ಸಾಹೇಬರು ಕಾಯುತ್ತಿದ್ದದ್ದೇ ಆ ಒಂದು ಮಾತಿಗೆ. ಊರಿನವರ ಫೋನು ಕೇಳಿ ಕೇಳಿ ಅವರ ತಲೆ ಚಿಟ್ಟು ಹಿಡಿದಿತ್ತು.

"ಡಾಕ್ಟರೇ ಒಪ್ಕೊಂಡ ಮೇಲೆ ಇನ್ನೇನಿದೆ? ಆಪರೇಷನ್ ಮಾಡಿ ಬಿಡೋದು, ಬಿಟ್ಟು ಬೈಸ್ಕೊಳ್ಳೋದು, ಸಾಕು. ಎಲ್ಲವನ್ನೂ ಎತ್ತಿ ಊರ ಹೊರಗೆ ಬೇಲಿ ಹಾಕಿ ಕೂಡಿಹಾಕೋಣ. ಕಿವಿ ಇದ್ದದ್ದು, ಇಲ್ಲದ್ದು, ಎಲ್ಲ."

ಬಲೆಯಣ್ಣನಿಗೆ ಆಗ ಬೀಗ ನಿಲ್ಲಲಿಲ್ಲ. "ಸಾರ್, ಡಾಕ್ಟರಮ್ಮ ತಪ್ಪು ಮಾಡಿಲ್ಲ! ಆ ನಾಯಿ ಶೆಡ್ಡಿಗೆ ಬಂದೇ ಇಲ್ಲ. ಕಿವಿ ಕತ್ತರಿಸಿದ್ದು ನನ್ನ ಹೆಂಡ್ತಿ!"

ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡರು.

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು" ಎಂದರು ಸಾಹೇಬರು, ಕನ್ನಡಕ ತೆಗೆದು ಒರೆಸುತ್ತ. "ಕಿವಿ ಗುರುತೇ ಸುಳ್ಳು ಅಂತಾಯ್ತಲ್ಲ. ಎಲ್ಲ ಎತ್ತೋದೇ ಸರಿ."

ಸುಮ್ಮನಿದ್ದರೂ ಕೆಟ್ಟಿತು, ಬಾಯಿಬಿಟ್ಟರೂ ಕೆಟ್ಟಿತು. ಮೆಟ್ಟಿಲಿಳಿಯುವಾಗ ಅವನು ಡಾಕ್ಟರಮ್ಮನ ಹಿಂದೆ ಹಿಂದೆ ಹೋದ. ಕ್ಷಮಿಸಿ ಅನ್ನಬೇಕು, ಕಾಲಿಗಾದರೂ ಬೀಳಬೇಕು ಎನಿಸಿತು. ಅವರು ತಿರುಗಿ, "ಬೂದಿ ಸತ್ತಾಗ ನಾನೇ ನಿಮ್ಮ ಮನೆಗೆ ಬಂದು ನಿನ್ನ ಹೆಂಡ್ತಿ ಹತ್ರ ಮಾತಾಡ್ಬೇಕಿತ್ತು. ಬರಲಿಲ್ಲ" ಎಂದಷ್ಟೇ ಹೇಳಿ ಹೋದರು. ಶೆಡ್ಡಿಗೆ ಬೀಗ ಬಿತ್ತು.

ನೌಕರಿ ಬಿಡಬಹುದಿತ್ತಲ್ಲ ಎಂದು ಕೇಳುವವರು ಕೇಳಬಹುದು. ಬಿಟ್ಟರೆ ಬಲೆ ಬೀಸಲು ಇನ್ನೊಬ್ಬ ಬರುತ್ತಿದ್ದ. ಕುತ್ತಿಗೆಗೆ ತಂತಿ ಬಿಗಿದು ಎಳೆಯುವವನು. ಹಾಗೆಂದು ಬಲೆಯಣ್ಣ ತನಗೆ ತಾನೇ ಹೇಳಿಕೊಂಡ. ಅದು ನಿಜವೋ, ಹೊಟ್ಟೆಪಾಡಿನ ನೆಪವೋ, ಅವನಿಗೂ ಕೊನೆಯವರೆಗೆ ತಿಳಿಯಲಿಲ್ಲ.

ಮೊದಲು ಮಾರುಕಟ್ಟೆಯ ಬೀದಿ ಖಾಲಿ ಮಾಡಿದರು. ತಾನೇ ಬಿಟ್ಟು ಬಂದಿದ್ದ ನಾಯಿಗಳನ್ನು ತಾನೇ ಹಿಡಿದ. ಒಮ್ಮೆ ಒಯ್ದವನು ತಿರುಗಿ ತಂದು ಬಿಡುತ್ತಾನೆ ಎಂದು ಅವಕ್ಕೆ ಗೊತ್ತಿತ್ತೋ ಏನೋ, ಹೆಚ್ಚು ಓಡಲಿಲ್ಲ. ಬೇಲಿಯೊಳಗೆ ಅವು ಗುರುತಿಲ್ಲದ ನಾಯಿಗಳ ನಡುವೆ ಬಿದ್ದು ಕಚ್ಚಾಡಿದವು. ಸೋತವು ತಡಿಕೆಯ ಬಳಿ ಮುದುರಿಕೊಂಡು ಊಟ ಬಿಟ್ಟವು. ಅವನು ನೀರಿನ ತೊಟ್ಟಿ ತುಂಬಿಸಿ ಬೇಗ ಬೇಗ ಹೊರಗೆ ಬರುತ್ತಿದ್ದ, ಅವು ಎದ್ದು ಅವನು ವ್ಯಾನು ಹತ್ತುವವರೆಗೆ ನೋಡುತ್ತಿದ್ದವು.

ಇತ್ತ ಮಾರುಕಟ್ಟೆಯವರು ಒಂದು ತಿಂಗಳು ಸಾಹೇಬರನ್ನು ಹೊಗಳಿದರು. ಆಮೇಲೆ ಮಾಂಸದಂಗಡಿಯ ಹಿಂದಿನ ಗುಂಡಿಗೆ, ಎಲ್ಲಿಂದಲೋ, ಹೊಸ ನಾಯಿಗಳು ಬಂದವು. ಅವುಗಳ ಕಿವಿಗಳೆಲ್ಲ ಇಡಿಯಾಗಿದ್ದವು. ಅವುಗಳಲ್ಲೊಂದರ ಹೊಟ್ಟೆ ಆಗಲೇ ಜೋತುಬಿದ್ದಿತ್ತು. ಬಲೆಯಣ್ಣ ಹೋಗಿ ಸಾಹೇಬರಿಗೆ ಹೇಳಿದ.

"ಅವನ್ನೂ ಎತ್ತಿ" ಎಂದರು ಅವರು, ತಲೆ ಎತ್ತದೆ.

ಕೊನೆಗೆ ಉಳಿದದ್ದು ಅವನ ಬೀದಿ. ಡ್ರೈವರು ಅವನ ಮುಖ ನೋಡಿ ದಿನ ದೂಡುತ್ತ ಬಂದಿದ್ದ, ಇನ್ನು ದೂಡುವಂತಿರಲಿಲ್ಲ. ಬೆಳಿಗ್ಗೆ ವ್ಯಾನು ಮನೆಯ ಮುಂದೆಯೇ ನಿಂತಿತು. ಮೇಷ್ಟ್ರು ತಮ್ಮ ಕಿಟಕಿಯಲ್ಲಿ ಅರ್ಧ ಮುಖ ತೋರಿಸಿ ಹಿಂದೆ ಸರಿದರು.

ಕೆಂಚಿ ಗೋಡೆಯ ಮೂಲೆಯಿಂದ ಎದ್ದು ಬಂತು. ಹಿಂದೆ ಆರು ಮರಿಗಳು ಒಂದರ ಮೇಲೊಂದು ಬೀಳುತ್ತ ಬಂದವು. ಅವನು ಬಲೆ ಬೀಸಬೇಕಾಗಲಿಲ್ಲ. ಅದು ಅವನ ಪಾದದ ಮೇಲೆ ಗದ್ದ ಊರಿ ಕೂತಿತು, ಒಂದು ಮರಿ ಬಲೆಯ ಅಂಚನ್ನು ಹಲ್ಲಿನಲ್ಲಿ ಹಿಡಿದು ಎಳೆದಾಡತೊಡಗಿತು.

ಹೆಂಡತಿ ಬಾಗಿಲಿಗೆ ಬಂದಳು. ಆ ಸಭೆಯಾದಂದಿನಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ, ಮಿಷನ್ನಿನ ಮೇಲೆ ಬಟ್ಟೆಗಳು ರಾಶಿ ಬಿದ್ದಿದ್ದವು. ಅತ್ತು ಗೋಳಾಡುತ್ತಾಳೆ, ಶಾಪ ಹಾಕುತ್ತಾಳೆ ಎಂದು ಅವನು ಹಲ್ಲು ಕಚ್ಚಿ ನಿಂತ. ಅವಳು ಹಾಗೇನೂ ಮಾಡಲಿಲ್ಲ. ಮೆಟ್ಟಿಲಿಳಿದು ಅವನ ಹತ್ತಿರ ಬಂದು ನಿಂತಳು. ಅವಳ ಕೈಯಲ್ಲಿ ದೊಡ್ಡ ಕತ್ತರಿಯಿತ್ತು, ಬಟ್ಟೆಗೆ ಬಿಟ್ಟು ಇನ್ಯಾವುದಕ್ಕೂ ಮುಟ್ಟಿಸದ ಕತ್ತರಿ.

"ಈಗ ಏನು ಕತ್ತರಿಸಿದ್ರೆ ಬಿಡ್ತಾರೆ ಹೇಳಿ" ಎಂದಳು. "ಈ ಸಲ ನೇರವಾಗೇ ಕತ್ತರಿಸ್ತೀನಿ."

ಅವನು ಅವಳ ಕೈಯ ಕತ್ತರಿಯನ್ನೇ ನೋಡಿದ. ವ್ಯಾನಿನ ಮುಂದೆ ಕೂತಿದ್ದ ಡ್ರೈವರು ಹಾರ್ನಿನ ಮೇಲೆ ಕೈಯಿಟ್ಟು, ಒತ್ತದೆ ಹಾಗೇ ತೆಗೆದ.